ಶಿವಮೊಗ್ಗದಲ್ಲಿ ಸೈಕಾಲಜಿ ಸಮ್ಮೇಳನ: ಹೊರಡುವ ಮುಂಚೆ ಎಲ್ಲರೂ ಕೇಳುವ ಪ್ರಶ್ನೆಗಳು

ಶಿವಮೊಗ್ಗದ ಕಡೆ ಸೈಕಾಲಜಿ ಸಮ್ಮೇಳನ ಇದೆ ಅಂತ ಸುದ್ದಿ ಬಂದರೆ ಸಾಕು, ನನಗೆ ಫೋನು ಮತ್ತು ಮೆಸೇಜು ಶುರುವಾಗುತ್ತವೆ. ನಾನು ಈ ಊರಿನವಳು, ಇಲ್ಲೇ ಪದವಿ ಕಾಲೇಜಿನಲ್ಲಿ ಸೈಕಾಲಜಿ ಹೇಳಿಕೊಡುತ್ತೇನೆ. ಕೇಳುವವರಲ್ಲಿ ಹೆಚ್ಚಿನವರು ತಮ್ಮ ಅಧ್ಯಯನದ ಬಗ್ಗೆ ಮೊದಲ ಸಲ ವೇದಿಕೆಯಲ್ಲಿ ಪೇಪರ್ ಓದಲು ಹೊರಟ ಎಂ.ಎ., ಎಂ.ಎಸ್ಸಿ. ವಿದ್ಯಾರ್ಥಿಗಳು. ಅವರ ಪ್ರಶ್ನೆಗಳಲ್ಲಿ ಅರ್ಧ ಸಮ್ಮೇಳನದ ಬಗ್ಗೆ, ಉಳಿದರ್ಧ ಜೋಗದ ಬಗ್ಗೆ. ಎರಡಕ್ಕೂ ಇಲ್ಲಿ ಉತ್ತರ ಬರೆದಿದ್ದೇನೆ.

ನಾನಿನ್ನೂ ವಿದ್ಯಾರ್ಥಿ. ನನ್ನಂಥವರು ಅಲ್ಲಿ ಬಂದು ಏನು ಮಾಡುವುದು?

ಬನ್ನಿ, ಖಂಡಿತ ಬನ್ನಿ. ಪುಸ್ತಕದಲ್ಲಿ ಓದಿದ ವಿಷಯವನ್ನು ಆಸ್ಪತ್ರೆಯಲ್ಲಿ, ಶಾಲೆಯಲ್ಲಿ, ಜೈಲಿನಲ್ಲಿ ದಿನಾ ಮಾಡುತ್ತಿರುವವರು ಒಂದೇ ಕಡೆ ಸಿಗುವುದು ಇಂಥ ಜಾಗದಲ್ಲಿ ಮಾತ್ರ. ಮುಂದೆ ಕ್ಲಿನಿಕಲ್ ಓದಬೇಕಾ, ಕೌನ್ಸೆಲಿಂಗ್ ಕಡೆ ಹೋಗಬೇಕಾ, ಕಂಪನಿ ಕೆಲಸಕ್ಕೆ ಸೇರಬೇಕಾ ಅಂತ ಗೊಂದಲ ಇದ್ದರೆ ಆ ಮೂರೂ ಕೆಲಸ ಮಾಡುವವರ ಜೊತೆ ಒಂದೇ ಊಟದ ಸಾಲಿನಲ್ಲಿ ನಿಂತು ಮಾತಾಡಬಹುದು. ವೇದಿಕೆ ಹತ್ತಲು ಧೈರ್ಯ ಇಲ್ಲದಿದ್ದರೆ ಪೋಸ್ಟರ್ ಹಾಕಿ, ಅಂದರೆ ನಿಮ್ಮ ಅಧ್ಯಯನವನ್ನು ಒಂದು ದೊಡ್ಡ ಹಾಳೆಯಲ್ಲಿ ತೋರಿಸಿ ಪಕ್ಕದಲ್ಲಿ ನಿಲ್ಲಿ. ಪೋಸ್ಟರ್ ಕಡಿಮೆ ದರ್ಜೆಯದು ಅನ್ನುವ ಮಾತು ತಪ್ಪು. ಹತ್ತು ನಿಮಿಷದ ಭಾಷಣಕ್ಕೆ ಒಂದೋ ಎರಡೋ ಪ್ರಶ್ನೆ ಬಂದರೆ ಹೆಚ್ಚು. ಪೋಸ್ಟರ್ ಮುಂದೆ ನಿಂತವರು ಕಾಲು ಗಂಟೆ ನಿಮ್ಮೊಬ್ಬರ ಹತ್ತಿರವೇ ಮಾತಾಡುತ್ತಾರೆ.

ನಾನು ಸೈಕಾಲಜಿ ಓದಿಲ್ಲ. ಟೀಚರ್, ನರ್ಸ್, ಆಶಾ ಕಾರ್ಯಕರ್ತೆಯರು ಬರಬಹುದಾ?

ಆಯೋಜಕರನ್ನು ಕೇಳಬೇಕು. ಸಾರ್ವಜನಿಕ ಉಪನ್ಯಾಸಗಳು ಇದ್ದರೆ ಅವಕ್ಕೆ ಬರಲು ಓದಿನ ಹಂಗಿಲ್ಲ. ಚಿಕಿತ್ಸೆಯ ತರಬೇತಿ ಕೊಡುವ ಕಾರ್ಯಾಗಾರಗಳಿಗೆ ಮಾತ್ರ ಸಾಮಾನ್ಯವಾಗಿ ಇಂತಿಷ್ಟು ಓದು ಆಗಿರಬೇಕು ಅನ್ನುತ್ತಾರೆ, ಅದು ಸರಿಯೇ. ಒಂದು ವಿಷಯ ಮೊದಲೇ ತಿಳಿದಿರಲಿ. ಮನೋವೈದ್ಯರು ಎಂ.ಬಿ.ಬಿ.ಎಸ್. ಮುಗಿಸಿ ಮನೋವೈದ್ಯಶಾಸ್ತ್ರ ಓದಿದವರು, ಮಾತ್ರೆ ಬರೆಯುತ್ತಾರೆ. ಮಾತ್ರೆ ಬರೆಯದೆ ಮಾತುಕತೆಯ ಚಿಕಿತ್ಸೆ, ಅಂದರೆ ಥೆರಪಿ ಕೊಡುವ ಕ್ಲಿನಿಕಲ್ ಸೈಕಾಲಜಿಸ್ಟ್ ಅನ್ನಿಸಿಕೊಳ್ಳಬೇಕಾದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರಬೇಕು. ಎರಡು ದಿನದ ಕಾರ್ಯಾಗಾರದ ಸರ್ಟಿಫಿಕೇಟ್ ಇಟ್ಟುಕೊಂಡು ಯಾರೂ ಥೆರಪಿ ಶುರು ಮಾಡುವ ಹಾಗಿಲ್ಲ.

ಹಣ ಕಟ್ಟುವ ಮುಂಚೆ ಏನೇನು ನೋಡಬೇಕು?

ಯಾರು ನಡೆಸುತ್ತಿದ್ದಾರೆ ಅಂತ ಮೊದಲು ನೋಡಿ. ಕಾಲೇಜಿನ ವಿಭಾಗವೋ ಆಸ್ಪತ್ರೆಯೋ ವೃತ್ತಿಯವರ ಸಂಘವೋ ಆಗಿದ್ದರೆ ಅಲ್ಲಿಗೇ ಫೋನು ಮಾಡಿ ಕೇಳಿ, ನಾಚಿಕೆ ಬೇಡ. ಸೈಕಾಲಜಿ, ವಾಣಿಜ್ಯ, ಎಂಜಿನಿಯರಿಂಗ್, ಯೋಗ ಎಲ್ಲವೂ ಒಂದೇ ಸಮ್ಮೇಳನದಲ್ಲಿ ಇದೆ, ಪೇಪರಿನ ಸಾರಾಂಶ ಕಳಿಸಿದ ಗಂಟೆಯೊಳಗೆ ಒಪ್ಪಿಗೆ ಬಂದಿದೆ, ಹಣ ಮಾತ್ರ ಇವತ್ತೇ ಕಟ್ಟಿ ಅನ್ನುತ್ತಿದ್ದಾರೆ ಅಂದರೆ ದೂರ ಇರಿ. ಅಂಥವರು ಮಕ್ಕಳ ಹತ್ತಿರ ದುಡ್ಡು ಕಿತ್ತುಕೊಂಡು ಕಾಗದ ಕೊಟ್ಟು ಕಳಿಸುತ್ತಾರೆ. ಇದನ್ನು ನೋಡಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ, ಯಾಕೆಂದರೆ ಆ ದುಡ್ಡು ಎಷ್ಟೋ ಸಲ ಅಪ್ಪ ಅಡಿಕೆ ಮಾರಿ ಕೊಟ್ಟದ್ದು, ಅಮ್ಮ ಸಂಘದಿಂದ ಸಾಲ ತಂದದ್ದು.

ಕಾರ್ಯಾಗಾರಕ್ಕೆ ಬೇರೆ ಶುಲ್ಕ ಇದೆಯಾ, ಊಟ ಸೇರಿದೆಯಾ, ಉಳಿಯಲು ಹಾಸ್ಟೆಲ್ ಕೊಡುತ್ತಾರಾ ಅಂತ ಕೇಳಿಕೊಳ್ಳಿ. ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರಾದವರು ಸಿ.ಆರ್.ಇ. ಅಂಕ (ವೃತ್ತಿಯಲ್ಲಿರುವವರ ಮುಂದುವರಿದ ಕಲಿಕೆಗೆ ಪರಿಷತ್ತು ಲೆಕ್ಕ ಹಿಡಿಯುವ ಅಂಕ) ಸಿಗುತ್ತದೋ ಇಲ್ಲವೋ ಅಂತಲೂ ಮೊದಲೇ ಕೇಳಬೇಕು, ಆಮೇಲೆ ಕೇಳಿದರೆ ಯಾರ ಕೈಯಲ್ಲೂ ಏನೂ ಆಗುವುದಿಲ್ಲ.

ಜಾಗ ಎಲ್ಲಿ? ಶಿವಮೊಗ್ಗ ಅಂದರೆ ಶಿವಮೊಗ್ಗ ಊರೇನಾ?

ಇದನ್ನು ದಯವಿಟ್ಟು ಗಮನಿಸಿ. ಸಮ್ಮೇಳನ ಕುವೆಂಪು ವಿಶ್ವವಿದ್ಯಾಲಯದ ಜ್ಞಾನ ಸಹ್ಯಾದ್ರಿ ಕ್ಯಾಂಪಸ್ಸಿನಲ್ಲಿ ಇದ್ದರೆ ಅದು ಊರಿನೊಳಗೆ ಇಲ್ಲ. 1987ರಲ್ಲಿ ಶುರುವಾದ ಈ ವಿಶ್ವವಿದ್ಯಾಲಯ ಶಂಕರಘಟ್ಟದಲ್ಲಿದೆ, ಶಿವಮೊಗ್ಗದಿಂದ ಸುಮಾರು 28 ಕಿಲೋಮೀಟರು. ಭದ್ರಾವತಿ ಹತ್ತಿರ, ಲಕ್ಕವಳ್ಳಿಯ ಭದ್ರಾ ಅಣೆಕಟ್ಟು ಇನ್ನೂ ಹತ್ತಿರ. ಸುತ್ತ ಕಾಡು, ಬಹಳ ಚಂದದ ಜಾಗ. ಆದರೆ ಶಿವಮೊಗ್ಗ ಪೇಟೆಯ ದುರ್ಗಿಗುಡಿಯಲ್ಲಿ ರೂಮ್ ಮಾಡಿ ಬೆಳಿಗ್ಗೆ ಒಂಬತ್ತಕ್ಕೆ ಅಲ್ಲಿರಬೇಕು ಅಂದರೆ ಓಡಾಟದಲ್ಲೇ ಸುಸ್ತಾಗುತ್ತೀರಿ. ಅಂಥ ಸಂದರ್ಭದಲ್ಲಿ ಕ್ಯಾಂಪಸ್ಸಿನಲ್ಲೋ ಭದ್ರಾವತಿಯಲ್ಲೋ ಉಳಿಯಿರಿ. ಸಮ್ಮೇಳನ ಊರೊಳಗಿನ ಕಾಲೇಜಿನಲ್ಲೋ ಕುವೆಂಪು ರಂಗಮಂದಿರದಂಥ ಕಡೆಯೋ ಇದ್ದರೆ ಬಸ್ ನಿಲ್ದಾಣದ ಸುತ್ತಮುತ್ತ, ನೆಹರೂ ರಸ್ತೆ, ದುರ್ಗಿಗುಡಿ ಎಲ್ಲವೂ ಅನುಕೂಲ.

ಬರುವುದು ಹೇಗೆ?

ಬೆಂಗಳೂರಿನಿಂದ ಸುಮಾರು 300 ಕಿಲೋಮೀಟರು. ರೈಲಿನಲ್ಲಿ ಬನ್ನಿ ಅಂತಲೇ ನಾನು ಹೇಳುವುದು. ಅರಸೀಕೆರೆ, ಕಡೂರು, ಬೀರೂರು, ತರೀಕೆರೆ ದಾಟಿ ಭದ್ರಾವತಿ ಬರುವ ಹೊತ್ತಿಗೆ ಬಯಲುಸೀಮೆ ಹೋಗಿ ಅಡಿಕೆ ತೋಟ ಶುರುವಾಗಿರುತ್ತದೆ. ಇಳಿಯುವುದು ಶಿವಮೊಗ್ಗ ಟೌನ್ ನಿಲ್ದಾಣದಲ್ಲಿ. ಮೈಸೂರಿನವರಿಗೆ ತಾಳಗುಪ್ಪಕ್ಕೆ ಹೋಗುವ ರೈಲುಗಳಿವೆ. ಹಬ್ಬದ ಹತ್ತಿರ, ವಾರದ ಕೊನೆಗೆ ಟಿಕೆಟ್ ಸಿಗುವುದು ಕಷ್ಟ, ದಿನಾಂಕ ಗೊತ್ತಾದ ದಿನವೇ ಮಾಡಿಸಿ. 2023ರಿಂದ ಸೋಗಾನೆಯಲ್ಲಿ ವಿಮಾನ ನಿಲ್ದಾಣವೂ ಇದೆ, ಅದಕ್ಕೂ ಕುವೆಂಪು ಅವರದೇ ಹೆಸರು.

ಕನ್ನಡದಲ್ಲಿ ಪೇಪರ್ ಓದಬಹುದಾ? ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ.

ನನಗೆ ಬಹಳ ಮುಖ್ಯ ಅನ್ನಿಸುವ ಪ್ರಶ್ನೆ ಇದು. ನಿಯಮ ಏನು ಅಂತ ಆಯೋಜಕರನ್ನು ಕೇಳಿ, ಆದರೆ ಕೇಳದೆ ಸುಮ್ನೆ ಇರಬೇಡಿ. ನೀವು ಕೇಳಿದರೆ ತಾನೇ ಮುಂದಿನ ಸಲ ಕನ್ನಡದ ಗೋಷ್ಠಿ ಇಡಬೇಕು ಅಂತ ಅವರಿಗೂ ಅನ್ನಿಸುವುದು? ನಿಮ್ಮ ಸಂದರ್ಶನ ನಡೆದದ್ದು ಕನ್ನಡದಲ್ಲಿ. ಜನ ಅತ್ತದ್ದು, ನಕ್ಕದ್ದು, ತಡವರಿಸಿದ್ದು ಕನ್ನಡದಲ್ಲಿ. ಪೇಪರನ್ನು ಇಂಗ್ಲಿಷಿನಲ್ಲಿ ಓದಲೇಬೇಕು ಅಂದರೂ ಜನ ಆಡಿದ ಮಾತನ್ನು ಅವರ ಮಾತಿನಲ್ಲೇ ಸ್ಲೈಡಿನಲ್ಲಿ ಹಾಕಿ, ಗಟ್ಟಿಯಾಗಿ ಓದಿ. ಸಭೆ ಎದ್ದು ಕೂರುತ್ತದೆ.

ಕರ್ನಾಟಕದಲ್ಲಿ ಈ ವಿಷಯ ಹೊಸದೇನಲ್ಲ. ಮೈಸೂರು ವಿಶ್ವವಿದ್ಯಾಲಯದಲ್ಲಿ ಸೈಕಾಲಜಿ ವಿಭಾಗ ಶುರುವಾದದ್ದು 1924ರಲ್ಲಿ, ದೇಶದ ಮೊದಮೊದಲ ವಿಭಾಗಗಳಲ್ಲಿ ಅದೂ ಒಂದು. ಅದನ್ನು ಕಟ್ಟಿದ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿ 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ಆಕಾಶವಾಣಿ ಅನ್ನುವ ಹೆಸರಿನಲ್ಲಿ ರೇಡಿಯೋ ಪ್ರಸಾರ ಶುರು ಮಾಡಿದವರು. ಒಬ್ಬ ಸೈಕಾಲಜಿ ಮೇಷ್ಟ್ರು ತನ್ನ ಊರಿನ ಜನರ ಕಿವಿ ತಲುಪಬೇಕು ಅಂತ ಅಷ್ಟು ಕಷ್ಟಪಟ್ಟರು! ನಮ್ಮ ಶಿವಮೊಗ್ಗದಲ್ಲೇ ಮನೋವೈದ್ಯ ಡಾ. ಅಶೋಕ್ ಪೈ ಇದ್ದರು, 2016ರಲ್ಲಿ ತೀರಿಕೊಂಡರು. ಲೇಖನ, ಕಥೆ, ಸಿನಿಮಾ ಎಲ್ಲದರಲ್ಲೂ ಮನಸ್ಸಿನ ಕಾಯಿಲೆಯ ಬಗ್ಗೆ ಜನರಿಗೆ ತಿಳಿಯುವ ಕನ್ನಡದಲ್ಲಿ ಹೇಳುತ್ತಾ ಹೋದರು. ದೆವ್ವ, ಮಾಟ ಅಂತ ಹೆದರಿ ಕೂತಿದ್ದ ಎಷ್ಟೋ ಮನೆಗಳವರು ಆಸ್ಪತ್ರೆಯ ಮೆಟ್ಟಿಲು ಹತ್ತಲು ಇಂಥ ಬರಹಗಳೇ ಕಾರಣ. ಇಂಥ ಊರಿಗೆ ಬಂದು ಕನ್ನಡದಲ್ಲಿ ಮಾತಾಡಲು ಹಿಂಜರಿಯುವುದು ಯಾಕೆ, ಅಲ್ವಾ?

ಹತ್ತು ನಿಮಿಷದಲ್ಲಿ ಎಲ್ಲ ಹೇಳುವುದು ಹೇಗೆ?

ಎಲ್ಲ ಹೇಳಬೇಡಿ. ಏನು ಕೇಳಿಕೊಂಡು ಹೊರಟಿರಿ, ಯಾರ ಜೊತೆ ಕೂತಿರಿ, ಏನು ಸಿಕ್ಕಿತು, ಅದರಲ್ಲಿ ಯಾವುದರ ಬಗ್ಗೆ ನಿಮಗೇ ಇನ್ನೂ ಅನುಮಾನ ಇದೆ, ಇಷ್ಟು ಸಾಕು. ಸಿದ್ಧಾಂತದ ಇತಿಹಾಸಕ್ಕೆ ನಾಲ್ಕು ಸ್ಲೈಡು ಹೋಗುತ್ತಿದ್ದರೆ ಮೂರನ್ನು ತೆಗೆಯಿರಿ, ಎದುರು ಕೂತವರು ಅದನ್ನೆಲ್ಲ ಓದಿದವರೇ. ಪಟ್ಟಿಯಲ್ಲಿರುವ ಅಂಕಿಗಳನ್ನು ಒಂದೊಂದಾಗಿ ಓದಬೇಡಿ. ಮನೆಯಲ್ಲಿ ಯಾರನ್ನಾದರೂ ಕೂರಿಸಿಕೊಂಡು ಗಡಿಯಾರ ಇಟ್ಟು ಹೇಳಿ ನೋಡಿ. ಅವರಿಗೆ ಅರ್ಥವಾಗದ ಜಾಗವೇ ನೀವು ತಿದ್ದಬೇಕಾದ ಜಾಗ.

ನನ್ನ ಅಧ್ಯಯನ ಮಲೆನಾಡಿನ ಹಳ್ಳಿಯದು. ಹೆಸರು ತೆಗೆದಿದ್ದೇನೆ, ಅಷ್ಟು ಸಾಕಾ?

ಸಾಕಾಗುವುದಿಲ್ಲ. ಬೆಂಗಳೂರಿನಲ್ಲಿ "45 ವರ್ಷದ ಮಹಿಳೆ, ಶಿಕ್ಷಕಿ" ಅಂದರೆ ಯಾರಿಗೂ ಗೊತ್ತಾಗುವುದಿಲ್ಲ. ಹೊಸನಗರದ ಒಂದು ಹಳ್ಳಿಯಲ್ಲಿ ಗಂಡನನ್ನು ಕಳೆದುಕೊಂಡ, ಮಗ ವಿದೇಶದಲ್ಲಿರುವ ನಿವೃತ್ತ ಶಿಕ್ಷಕಿ ಅಂದರೆ ಸುತ್ತ ಹತ್ತು ಹಳ್ಳಿಯವರಿಗೂ ಅದು ಯಾರು ಅಂತ ಗೊತ್ತು. ಸಭೆಯಲ್ಲಿ ಆ ಕಡೆಯವರೇ ಕೂತಿರುತ್ತಾರೆ ಬೇರೆ. ತಾಲ್ಲೂಕಿನ ಹೆಸರು, ಕೆಲಸ, ಮನೆಯ ವಿವರ, ಇವು ಮೂರೂ ಒಟ್ಟಿಗೆ ಬರದ ಹಾಗೆ ನೋಡಿಕೊಳ್ಳಿ. ಫೋಟೋದಲ್ಲಿ ಮುಖ ಮುಚ್ಚಿದರೂ ಹಿಂದಿನ ಜಗಲಿ, ತುಳಸಿ ಕಟ್ಟೆ ನೋಡಿ ಮನೆ ಗುರುತಿಸುವವರು ಇದ್ದಾರೆ. ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿಸುವಾಗ ಸಮ್ಮೇಳನದಲ್ಲಿ ಇದನ್ನು ಹೇಳುತ್ತೇನೆ ಅಂತ ಬಾಯಿಬಿಟ್ಟು ಹೇಳಿ ಕೇಳಿದ್ದೀರಾ? ಹೇಳಿರದಿದ್ದರೆ ಹೋಗಿ ಕೇಳಿಕೊಂಡು ಬನ್ನಿ. ಕೊಟ್ಟ ಮಾತಿಗೆ ತಪ್ಪಿದರೆ ಆ ಮನೆಯವರು ಇನ್ನು ಯಾವ ಕೌನ್ಸೆಲರ್ ಹತ್ತಿರವೂ ಬಾಯಿ ಬಿಡುವುದಿಲ್ಲ. ಪಾಠದಲ್ಲಿ ನೈತಿಕತೆ ಅಂತ ಒಂದು ಅಧ್ಯಾಯ ಓದುತ್ತೇವಲ್ಲ, ಅದು ಬೇಕಾಗುವುದು ಇಲ್ಲೇ.

ಈ ಕಡೆಯ ವಿಷಯದ ಮೇಲೆ ಅಧ್ಯಯನ ಮಾಡಬೇಕು. ಏನಿದೆ?

ಬೇಕಾದಷ್ಟು ಇದೆ. ಮಲೆನಾಡಿನಲ್ಲಿ ಮನೆಗಳು ಒಂದಕ್ಕೊಂದು ದೂರ ದೂರ, ತೋಟದ ನಡುವೆ ಒಂದೊಂದು. ಮಕ್ಕಳು ಬೆಂಗಳೂರಿಗೆ ಹೋಗಿದ್ದಾರೆ, ಅಪ್ಪ ಅಮ್ಮ ಇಬ್ಬರೇ ಇದ್ದಾರೆ, ಮಳೆಗಾಲದಲ್ಲಿ ಕರೆಂಟು ಹೋದರೆ ಫೋನೂ ಸಿಗುವುದಿಲ್ಲ. ಅಂಥ ಕಡೆ ವಯಸ್ಸಾದವರ ಒಂಟಿತನ ಹೇಗಿರುತ್ತದೆ ಅನ್ನುವುದನ್ನು ಪಟ್ಟಣದ ಅಪಾರ್ಟ್‌ಮೆಂಟ್ ನೋಡಿ ಊಹಿಸಲು ಆಗುವುದಿಲ್ಲ. ಅಡಿಕೆಗೆ ಕೊಳೆರೋಗ, ಎಲೆಚುಕ್ಕಿ ರೋಗ ಬಂದ ವರ್ಷ ಮನೆಯ ವಾತಾವರಣವೇ ಬದಲಾಗುತ್ತದೆ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಆಯಿತು, ಶರಾವತಿ ಕಣಿವೆಯ ಊರುಗಳು ಮುಳುಗಿದವು. ಅಲ್ಲಿಂದ ಎದ್ದು ಬಂದವರಲ್ಲಿ ಇನ್ನೂ ಬದುಕಿರುವವರು ಈಗ ವೃದ್ಧರು. ಊರು ಮುಳುಗಿದ್ದನ್ನು ಅವರು ಹೇಗೆ ನೆನಪಿಟ್ಟುಕೊಂಡಿದ್ದಾರೆ, ಮಕ್ಕಳಿಗೆ ಹೇಗೆ ಹೇಳಿದ್ದಾರೆ ಅಂತ ಕೂತು ಕೇಳುವುದಕ್ಕೆ ಉಳಿದಿರುವ ಕಾಲ ಕಡಿಮೆ. ಯಾರಾದರೂ ಬೇಗ ಮಾಡಬೇಕು ಅನ್ನುವ ಆಸೆ ನನಗೆ ಬಹಳ ಇದೆ.

ಹಳ್ಳಿಗೆ ಚಿಕಿತ್ಸೆ ತಲುಪಿಸುವ ದಾರಿ ತೋರಿಸಿದ್ದೂ ನಮ್ಮ ರಾಜ್ಯವೇ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ನೋಡಿದ ಪ್ರಯೋಗವೇ 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ. ಬಯಲಿನ ಬಳ್ಳಾರಿಗೆ ಹೊಂದಿದ್ದು ಗುಡ್ಡಗಾಡಿನ ನಮ್ಮ ತಾಲ್ಲೂಕುಗಳಿಗೆ ಎಷ್ಟು ಹೊಂದುತ್ತದೆ ಅನ್ನುವುದೂ ಒಳ್ಳೆಯ ಪ್ರಶ್ನೆಯೇ.

ಒಂದೇ ಹೊತ್ತಿಗೆ ನಾಲ್ಕು ಗೋಷ್ಠಿ ಇರುತ್ತವಂತೆ. ಯಾವುದಕ್ಕೆ ಹೋಗಲಿ?

ನಿಮ್ಮ ವಿಷಯದ್ದು ಒಂದು, ನಿಮಗೆ ಏನೇನೂ ಗೊತ್ತಿಲ್ಲದ್ದು ಒಂದು. ಅಷ್ಟೇ. ಬಾಗಿಲಿನಿಂದ ಬಾಗಿಲಿಗೆ ಓಡಬೇಡಿ.

ಕೇಳುತ್ತಾ ಕೇಳುತ್ತಾ ನನಗೇ ಕಷ್ಟ ಆದರೆ?

ಆಗುತ್ತದೆ. ಆತ್ಮಹತ್ಯೆ, ಮಕ್ಕಳ ಮೇಲಿನ ದೌರ್ಜನ್ಯ, ಕುಡಿತದ ಮನೆಗಳು, ಇವನ್ನೆಲ್ಲ ಇಡೀ ದಿನ ಕೇಳುವಾಗ ನಮ್ಮದೇ ಮನೆಯ ವಿಷಯ ಎದ್ದು ಬರುವುದು ಸಹಜ. ಎದ್ದು ಹೊರಗೆ ಹೋಗಿ, ಯಾರೂ ತಪ್ಪು ತಿಳಿಯುವುದಿಲ್ಲ. ಸ್ನೇಹಿತರ ಜೊತೆ ಮಾತಾಡಿ. ಉಪನ್ಯಾಸ ಕೊಟ್ಟ ವೈದ್ಯರನ್ನು ಕಾಫಿ ಸಮಯದಲ್ಲಿ ಹಿಡಿದು ನಿಮ್ಮ ಪೂರ್ತಿ ಕಥೆ ಹೇಳುವುದಕ್ಕಿಂತ, ನಿಮ್ಮೂರಿನಲ್ಲಿ ಯಾರನ್ನು ನೋಡಬಹುದು ಅಂತ ಅವರನ್ನು ಕೇಳಿದರೆ ನಿಮಗೇ ಒಳ್ಳೆಯದು, ಅಲ್ಲಿ ಗುಟ್ಟಾಗಿ ಮಾತಾಡಲು ಜಾಗವೂ ಇರುವುದಿಲ್ಲ. ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಇದೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಸಂಖ್ಯೆಯನ್ನು ಈಗಲೇ ಫೋನಿನಲ್ಲಿ ಹಾಕಿಕೊಳ್ಳಿ.

ಅರ್ಧ ದಿನ ಬಿಡುವಿದೆ. ಏನು ನೋಡಲಿ?

ಬೆಳಿಗ್ಗೆ ಬಿಡುವಿದ್ದರೆ ಸಕ್ರೆಬೈಲು. ತೀರ್ಥಹಳ್ಳಿ ರಸ್ತೆಯಲ್ಲಿ ಸುಮಾರು 14 ಕಿಲೋಮೀಟರು, ಗಾಜನೂರು ಅಣೆಕಟ್ಟು ದಾಟಿದ ಮೇಲೆ. ತುಂಗೆಯ ಹಿನ್ನೀರಿನಲ್ಲಿ ಮಾವುತರು ಆನೆಗಳ ಮೈ ತಿಕ್ಕುವುದನ್ನು ನೋಡಬೇಕು. ಬೇಗ ಹೋಗಿ, ಮಧ್ಯಾಹ್ನದ ಹೊತ್ತಿಗೆ ಆನೆಗಳನ್ನು ಕಾಡಿಗೆ ಬಿಡುತ್ತಾರೆ. ಮಳೆಗಾಲ ಆಗಿದ್ದರೆ ಅದೇ ರಸ್ತೆಯಲ್ಲಿ ಮುಂದೆ ಮಂಡಗದ್ದೆ ಇದೆ, ಹೊಳೆಯ ನಡುವಿನ ಮರಗಳಲ್ಲಿ ಬೆಳ್ಳಕ್ಕಿ, ನೀರುಕಾಗೆಗಳು ಗೂಡು ಕಟ್ಟಿರುತ್ತವೆ.

ಸಂಜೆ ಬಿಡುವಿದ್ದರೆ ಕೂಡ್ಲಿ. ತುಂಗೆ ಮತ್ತು ಭದ್ರೆ ಸೇರುವ ಜಾಗ, ಹೊಯ್ಸಳರ ಕಾಲದ ರಾಮೇಶ್ವರ ದೇವಸ್ಥಾನ ಇದೆ. ಎರಡೂ ಹೊಳೆ ಹುಟ್ಟುವುದು ಗಂಗಾಮೂಲದ ಹತ್ತಿರವೇ, ಬೇರೆ ಬೇರೆ ದಾರಿ ಹಿಡಿದು ಇಲ್ಲಿ ಬಂದು ಒಂದಾಗುತ್ತವೆ. ಗದ್ದಲ ಇಲ್ಲ. ಇಡೀ ದಿನ ಮೈಕಿನ ಸದ್ದು ಕೇಳಿದ ತಲೆಗೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಊರು ಬಿಟ್ಟು ಹೋಗಲು ಸಮಯ ಇಲ್ಲದಿದ್ದರೆ ಕೋಟೆ ಕಡೆ ನಡೆಯಿರಿ. ಶಿವಪ್ಪನಾಯಕನ ಅರಮನೆ ಈಗ ಮ್ಯೂಸಿಯಂ, ಮರದ ಕಂಬಗಳ ಹಜಾರ ಚೆನ್ನಾಗಿದೆ. ಪಕ್ಕದಲ್ಲೇ ಕೋಟೆ ಆಂಜನೇಯ, ಹಿಂದೆ ತುಂಗೆ. ಅಲ್ಲಿಂದ ಗಾಂಧಿ ಬಜಾರಿಗೆ ನಡೆದೇ ಬರಬಹುದು.

ಒಂದು ಇಡೀ ದಿನ ಇದೆ. ಜೋಗ, ಆಗುಂಬೆ, ಕುಪ್ಪಳಿ ಎಲ್ಲ ಮುಗಿಸಬಹುದಾ?

ದಯವಿಟ್ಟು ಹಾಗೆ ಮಾಡಬೇಡಿ. ಜೋಗ ಒಂದು ದಿಕ್ಕು, ಆಗುಂಬೆ ಇನ್ನೊಂದು ದಿಕ್ಕು. ಜೋಗ ಇಲ್ಲಿಂದ ಸುಮಾರು 100 ಕಿಲೋಮೀಟರು. ಜುಲೈನಿಂದ ಸೆಪ್ಟೆಂಬರ್ ಒಳಗೆ ಬಂದರೆ ಮಾತ್ರ 253 ಮೀಟರಿನಿಂದ ಶರಾವತಿ ಬೀಳುವ ಅಬ್ಬರ ಕಾಣುತ್ತದೆ. ಬೇಸಿಗೆಯಲ್ಲಿ ನೀರು ಬಹಳ ಕಡಿಮೆ. ಆ ದಾರಿಯಲ್ಲಿ ಹೋದರೆ ಸಾಗರದ ಹತ್ತಿರದ ಇಕ್ಕೇರಿ, ಕೆಳದಿ ದೇವಸ್ಥಾನಗಳನ್ನು ನೋಡಿ. ನಾಟಕದ ಆಸಕ್ತಿ ಇದ್ದರೆ ಹೆಗ್ಗೋಡಿನ ನೀನಾಸಂ ಕೂಡ ಅಲ್ಲೇ ಇದೆ.

ಬೇಸಿಗೆ, ಚಳಿಗಾಲ ಆಗಿದ್ದರೆ ನಾನು ತೀರ್ಥಹಳ್ಳಿ ಕಡೆ ಹೋಗಿ ಅನ್ನುತ್ತೇನೆ. ತೀರ್ಥಹಳ್ಳಿ 60 ಕಿಲೋಮೀಟರು, ಅಲ್ಲಿಂದ ಕುಪ್ಪಳಿ ಹತ್ತಿರ. ಕವಿಮನೆಯನ್ನು ನಿಧಾನವಾಗಿ ನೋಡಿ, ಆ ದೊಡ್ಡ ತೊಟ್ಟಿಮನೆಯ ಒಳಗೆ ಎಷ್ಟು ಜನ ಒಟ್ಟಿಗೆ ಬದುಕಿದ್ದಿರಬಹುದು ಅಂತ ಕೋಣೆ ಕೋಣೆ ಹೊಕ್ಕು ನೋಡಿದರೇನೇ ತಿಳಿಯುವುದು. ಆಮೇಲೆ ಕವಿಶೈಲ ಹತ್ತಿ. ಸಂಜೆ ಆಗುಂಬೆಯ ಸೂರ್ಯಾಸ್ತಕ್ಕೆ ಹೋಗಬಹುದು, ಮೋಡ ಇದ್ದರೆ ಏನೂ ಕಾಣುವುದಿಲ್ಲ ಅನ್ನುವುದು ತಿಳಿದಿರಲಿ.

ಮಳೆ, ಇಂಬಳ, ಮಂಗನ ಕಾಯಿಲೆ... ಹೆದರಬೇಕಾ?

ಜೂನ್‌ನಿಂದ ಸೆಪ್ಟೆಂಬರ್ ತನಕ ಕೊಡೆ, ಬೇಗ ಒಣಗುವ ಬಟ್ಟೆ, ಪೋಸ್ಟರಿಗೆ ಪ್ಲಾಸ್ಟಿಕ್ ಕೊಳವೆ ಇರಲಿ. ಇಂಬಳ ಕಚ್ಚಿದರೆ ಕಿತ್ತು ಎಳೆಯಬೇಡಿ, ಉಪ್ಪೋ ಸುಣ್ಣವೋ ಮುಟ್ಟಿಸಿದರೆ ಬಿಡುತ್ತದೆ. ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ಇದೇ ಜಿಲ್ಲೆಯ ಸೊರಬದ ಕ್ಯಾಸನೂರು ಕಾಡಿನಲ್ಲಿ. ಅದು ಉಣುಗಿನಿಂದ ಹರಡುತ್ತದೆ, ಡಿಸೆಂಬರ್‌ನಿಂದ ಮೇ ತನಕ ಜಾಸ್ತಿ. ಶಿವಮೊಗ್ಗ ಪೇಟೆಯಲ್ಲಿ ಓಡಾಡುವವರಿಗೆ ಹೆದರಿಕೆ ಇಲ್ಲ. ಆ ತಿಂಗಳುಗಳಲ್ಲಿ ಕಾಡಿನ ಕಾಲುದಾರಿಗೆ ಇಳಿಯುವ ಮುಂಚೆ ಊರಿನವರನ್ನು ಕೇಳಿ, ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ವಾಪಸ್ ಹೋದ ಮೇಲೆ ಜ್ವರ ಬಂದರೆ ಮಲೆನಾಡಿಗೆ ಹೋಗಿದ್ದೆ ಅಂತ ಡಾಕ್ಟರಿಗೆ ಹೇಳಿ. ಏಪ್ರಿಲ್ ತಿಂಗಳಲ್ಲಿ ಬರುವವರಿಗೆ ಇನ್ನೊಂದು ಮಾತು: ಮಲೆನಾಡು ಅಂದರೆ ತಂಪು ಅಂದುಕೊಂಡು ಬರುತ್ತೀರಿ, ಶಿವಮೊಗ್ಗ ಪೇಟೆಯಲ್ಲಿ ಆಗ ಒಳ್ಳೆಯ ಬಿಸಿಲು.

ಊಟ?

ಸಮ್ಮೇಳನದ ಊಟ ಎಲ್ಲ ಕಡೆ ಒಂದೇ ಥರ ಇರುತ್ತದೆ. ಒಂದು ಹೊತ್ತಾದರೂ ಹೊರಗೆ ತಿನ್ನಿ. ಬೆಳಿಗ್ಗೆ ಅಕ್ಕಿ ರೊಟ್ಟಿ, ಬಿಸಿ ಕಡುಬು ಚಟ್ನಿ, ನೀರುದೋಸೆ. ಊಟಕ್ಕೆ ತಂಬುಳಿ ಇದ್ದರೆ ಮೊದಲು ಅದನ್ನೇ ಹಾಕಿಸಿಕೊಳ್ಳಿ, ಒಂದೆಲಗದ್ದು ಸಿಕ್ಕಿದರೆ ಇನ್ನೂ ಒಳ್ಳೆಯದು. ಮಾವಿನ ಕಾಲದಲ್ಲಿ ಅಪ್ಪೆಹುಳಿ, ಮಳೆಗಾಲದಲ್ಲಿ ಕಳಲೆ, ಪತ್ರೊಡೆ. ಸಂಜೆ ಗಾಡಿಗಳಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬೋಂಡ. ಮನೆಗೆ ಒಯ್ಯಲು ಅಪ್ಪೆಮಿಡಿ ಉಪ್ಪಿನಕಾಯಿ, ಜೋನಿಬೆಲ್ಲ, ತೊಡೆದೇವು. ಉಡುಗೊರೆ ಕೊಡುವುದಿದ್ದರೆ ಸಾಗರದ ಗುಡಿಗಾರರ ಕೆತ್ತನೆಯೋ, ಹಸೆ ಚಿತ್ತಾರ ಬರೆದ ಬುಟ್ಟಿಯೋ ಕೊಳ್ಳಿ. ಬೆಲೆ ಜಾಸ್ತಿ ಅಂತ ಚೌಕಾಸಿ ಮಾಡಬೇಡಿ, ಅದರ ಹಿಂದೆ ಇರುವುದು ವಾರಗಟ್ಟಲೆಯ ಕೈಕೆಲಸ.

ಹುಡುಗಿ ಒಬ್ಬಳೇ ಬರಬಹುದಾ?

ಬರಬಹುದು. ನನ್ನ ವಿದ್ಯಾರ್ಥಿನಿಯರು ಒಬ್ಬೊಬ್ಬರೇ ಓಡಾಡುತ್ತಾರೆ. ಆಟೋಗೆ ಹತ್ತುವ ಮುಂಚೆ ದರ ಮಾತಾಡಿಕೊಳ್ಳಿ. ತೀರ್ಥಹಳ್ಳಿ, ಸಾಗರ ಕಡೆ ಹೋದರೆ ವಾಪಸ್ ಬರುವ ಕೊನೆಯ ಬಸ್ ಎಷ್ಟು ಹೊತ್ತಿಗೆ ಅಂತ ಇಳಿದ ತಕ್ಷಣ ಕಂಡಕ್ಟರ್ ಹತ್ತಿರ ಕೇಳಿಕೊಳ್ಳಿ, ಒಳಗಿನ ಹಳ್ಳಿಗಳಿಗೆ ಸಂಜೆ ಮೇಲೆ ಬಸ್ ಕಡಿಮೆ. ಬೇರೆ ಕಾಲೇಜಿನ ಹುಡುಗಿಯರ ಜೊತೆ ರೂಮ್ ಹಂಚಿಕೊಳ್ಳುವ ವ್ಯವಸ್ಥೆ ಇದೆಯಾ ಅಂತ ಆಯೋಜಕರನ್ನು ಕೇಳಿದರೆ ಖರ್ಚೂ ಉಳಿಯುತ್ತದೆ.

ಕೊನೆಯ ದಿನ ಮಧ್ಯಾಹ್ನ ಊಟ ಮಾಡಿ ಹೊರಟುಬಿಡಲಾ?

ಬೇಡ. ಆ ಮಧ್ಯಾಹ್ನದ ಗೋಷ್ಠಿಗಳಲ್ಲೇ ಎಷ್ಟೋ ಸಲ ಹೊಸಬರ ಹೆಸರು ಇರುತ್ತದೆ. ದೊಡ್ಡವರು ವಿಮಾನ, ರೈಲು ಹಿಡಿಯಲು ಹೋಗಿರುತ್ತಾರೆ, ಹುಡುಗರು ಖಾಲಿ ಕುರ್ಚಿಗಳ ಎದುರು ಓದುತ್ತಾರೆ. ಕೂತು ಕೇಳಿ, ಒಂದು ಪ್ರಶ್ನೆ ಕೇಳಿ. ರಾತ್ರಿ ಬೆಂಗಳೂರಿಗೆ ಬಸ್ಸುಗಳು ಬೇಕಾದಷ್ಟಿವೆ, ಊಟ ಮಾಡಿ ಹತ್ತಿದರೆ ಬೆಳಗಾಗುವ ಹೊತ್ತಿಗೆ ತಲುಪುತ್ತೀರಿ.